ಕರೆಪ್ಪ ತೋರಿಸಿದ ಕಾಲುವೆ

"ಏಯ್, ದೇವರ ಮನೆ ಹೊಸಲು ದಾಟಿದ್ರೆ ಕಾಲು ಮುರೀತೀನಿ ನೋಡು! ಅಲ್ಲೇ ನಿಂತ್ಕೋ. ಒಳಗಿನ ನೀರು ನಾನೇ ತೆಗೀತೀನಿ."

ಹೀಗಂದವರು ಉಮಾಮಹೇಶ್ವರಿ ಮೇಡಂ. ಕಾಲು ಮುರಿಸಿಕೊಳ್ಳಬೇಕಾಗಿದ್ದವಳು ನಾನು, ಅಂಕಮ್ಮ, ಏಳು ವರ್ಷದಿಂದ ಅವರ ಮನೆಯ ಕಸ ಮುಸುರೆ ಮಾಡುವವಳು. ಬೆಳಿಗ್ಗೆ ಆರು ಗಂಟೆಯಿಂದ ಅವರ ಹಾಲ್‌ನಲ್ಲಿ ಬಗ್ಗಿಕೊಂಡು ನೀರು ಮೊಗೆಯುತ್ತಿದ್ದೆ. ಎರಡು ದಿನದಿಂದ ಒಂದೇ ಸಮನೆ ಮಳೆ ಹೊಡೆದಿತ್ತು. ಎರಡು ಸಾವಿರದ ಐದನೇ ಇಸವಿಯ ಅಕ್ಟೋಬರ್ ಅದು. ಪುಟ್ಟೇನಹಳ್ಳಿಯಿಂದ ಗೊಟ್ಟಿಗೆರೆಯವರೆಗೆ ತಗ್ಗಿದ್ದ ಕಡೆಯೆಲ್ಲ ನೀರು ನಿಂತಿತ್ತು. ಶ್ರೀಗಂಧ ಲೇಔಟಿನ ಕೊನೆಯ ಸಾಲಿನ ಈ ಮನೆಯೊಳಗೂ ಹಿಮ್ಮಡಿ ಮುಳುಗುವಷ್ಟು ನಿಂತಿತ್ತು.

ಮೊಗೆದು ಬಕೆಟ್ಟಿಗೆ, ಬಕೆಟ್ಟಿನಿಂದ ರಸ್ತೆಗೆ. ರಸ್ತೆಗೆ ಸುರಿದದ್ದು ಗೇಟಿನಡಿಯಿಂದ ತಿರುಗಿ ಒಳಗೆ ಬರುತ್ತಿತ್ತು. ಚೆಲ್ಲಿದ ನೀರನ್ನೇ ಮತ್ತೆ ಚೆಲ್ಲುತ್ತಿದ್ದೇನೆ ಎಂದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಆದರೆ ಕೆಲಸದವಳು ಸುಮ್ಮನೆ ನಿಂತಿದ್ದರೆ ಯಜಮಾನರ ಕಣ್ಣು ಉರಿಯುತ್ತದೆ.

ಮೇಡಂ ದೇವರ ಮನೆಯೊಳಗೆ ಸೀರೆ ಎತ್ತಿ ಕಟ್ಟಿಕೊಂಡು ಬೆಳ್ಳಿ ಚೊಂಬಿನಲ್ಲಿ ಮೊಗೆಯುತ್ತಿದ್ದರು. ಮೊಗೆದದ್ದನ್ನು ಚೊಂಬು ತಾಗದ ಹಾಗೆ ಎತ್ತರದಿಂದ ನನ್ನ ಬಕೆಟ್ಟಿಗೆ ಸುರಿಯುತ್ತಿದ್ದರು. ಚರಂಡಿ ನೀರು. ನಾನೂರು ಮನೆಯ ಕಕ್ಕಸು ಕಲೆತ ನೀರು. ಅದು ಲಿಂಗದ ಮುಂದೆ ಹೋಗಿ ಕೂತಿತ್ತು. ನಾನು ಹೊಸಲಿನ ಈಚೆ ನಿಂತಿದ್ದೆ.

"ಮೇಡಂ, ನಮ್ಮನೇಲೂ ಮೊಣಕಾಲುದ್ದ ನೀರೈತೆ. ಮಾವ ಒಬ್ರೇ ಅವ್ರೆ. ಒಂದ್ ಗಳಿಗೆ ನೋಡ್ಕೊಂಡ್ ಬತ್ತೀನಿ."

"ನಿಮ್ದು ಮಣ್ಣಿನ ನೆಲ ಕಣೇ, ಹೀರ್ಕೊಳುತ್ತೆ. ನಮ್ದು ಮಾರ್ಬಲ್ಲು. ಸ್ಟೇನ್ ಆದ್ರೆ ಜನ್ಮದಲ್ಲಿ ಹೋಗಲ್ಲ. ಮೊದ್ಲು ಇದು ಮುಗ್ಸು."

ಅಷ್ಟರಲ್ಲಿ ಮಹಡಿಯಿಂದ ಜಯದೇವಪ್ಪ ಸಾರ್ ಇಳಿದು ಬಂದರು. ಕೊನೆಯ ಎರಡು ಮೆಟ್ಟಿಲು ಬಿಟ್ಟು ನಿಂತರು. ಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಅವರದು. ಲೇಔಟಿನ ಅಸೋಸಿಯೇಷನ್ನಿಗೆ ಅಧ್ಯಕ್ಷರು. ಲೇಔಟು ಮಾಡಿದ ಸೊಸೈಟಿಗೆ ಆಗ ಕಾರ್ಯದರ್ಶಿಯೂ ಅವರೇ ಆಗಿದ್ದರು. ನನ್ನ ಗಂಡ ಪಾಪಣ್ಣ ಅದೇ ಲೇಔಟಿನ ಗೇಟಿನಲ್ಲಿ ವಾಚ್‌ಮನ್. ಹೀಗಾಗಿ ನಮ್ಮ ಮನೆಯ ಒಲೆಯ ಬೆಂಕಿ ಗಂಡನ ಕಡೆಯಿಂದಲೂ ಅವರ ಕೈಯಲ್ಲಿ, ನನ್ನ ಕಡೆಯಿಂದಲೂ ಅವರ ಕೈಯಲ್ಲಿ.

"ಅಂಕಮ್ಮ, ನಿಮ್ಮಾವ ಬದುಕಿದಾನಾ?"

"ಅವ್ರೆ ಸಾರ್."

"ಹನ್ನೊಂದು ಗಂಟೆಗೆ ಕರ್ಕೊಂಡ್ ಬಾ. ಸರ್ವೆ ಸಾಹೇಬ್ರು ಬರ್ತಾ ಇದಾರೆ. ಹಳೇ ಕಾಲುವೆ ಎಲ್ಲಿತ್ತು ಅಂತ ಹೇಳೋಕೆ ಉಳಿದಿರೋನು ಅವನೊಬ್ನೇ. ಕಾಲುವೆ ಬಿಡಿಸಿದ್ರೆ ನಿಮ್ಗೂ ಒಳ್ಳೇದು, ನಮ್ಗೂ ಒಳ್ಳೇದು. ಒಂದು ಒಗೆದ ಶರ್ಟ್ ಹಾಕ್ಸು, ನಾತ ಹೊಡೀಬಾರ್ದು."

ಬಕೆಟ್ಟು ಅಲ್ಲೇ ಬಿಟ್ಟು ಓಡಿದೆ. ಹಿಂದಿನಿಂದ ಮೇಡಂ ಏನೋ ಕೂಗಿದರು. ಕೇಳಿಸಿಕೊಳ್ಳಲಿಲ್ಲ.

*

ಲೇಔಟಿನ ಕಾಂಪೌಂಡು ಗೋಡೆಯ ಹಿಂದೆ ನಮ್ಮ ಅರಳಿಕುಂಟೆ ಕಾಲೋನಿ. ಹತ್ತೊಂಬತ್ತು ಮನೆ, ಎಲ್ಲ ಹಸಿ ಇಟ್ಟಿಗೆಯವು. ಜೆ.ಪಿ. ನಗರ ಎಂಬ ಹೆಸರು ಹುಟ್ಟುವ ಮೊದಲು ಇಲ್ಲಿ ಊರಿತ್ತು, ಊರಿನ ಮೇಲ್ಗಡೆ ಕೆರೆಯಿತ್ತು, ಕೆಳಗೆ ಗದ್ದೆ ಬಯಲಿತ್ತು. ಕೆರೆಗೆ ನೀರಗಂಟಿಗಳು ನಮ್ಮ ಮನೆಯವರು. ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹರಿಸುವುದು ನೀರಗಂಟಿಯ ಕೆಲಸ. ಊರಿಗೆಲ್ಲ ನೀರು ಹಂಚಿದವರಿಗೆ ಸ್ವಂತ ಗದ್ದೆ ಒಂದು ಗುಂಟೆಯೂ ಇರಲಿಲ್ಲ. ಸುಗ್ಗಿಯಲ್ಲಿ ಕಣದಾಚೆ ನಿಲ್ಲಿಸಿ ಮೊರದಲ್ಲಿ ಭತ್ತ ಸುರಿಯುತ್ತಿದ್ದರಂತೆ.

ಗೌಡರುಗಳು ಗದ್ದೆ ಮಾರಿಕೊಂಡು ಹೋದರು. ಗದ್ದೆ ಲೇಔಟಾಯಿತು. ಕೆರೆಯನ್ನೂ ಅರ್ಧ ಮುಚ್ಚಿದರು. ಆದರೆ ಕೆರೆಯ ಕೋಡಿಯನ್ನು ಮುಚ್ಚುವುದು ಮರೆತರು. ಮಳೆ ಜೋರಾದರೆ ಕೆರೆ ತುಂಬಿ, ಕೋಡಿ ಹರಿದು, ನೀರು ತನ್ನ ಹಳೆಯ ದಾರಿ ಹಿಡಿದು ಬರುತ್ತದೆ. ಬಂದು ನೋಡಿದರೆ ಎದುರಿಗೆ ಸೈಜುಗಲ್ಲಿನ ಗೋಡೆ. ಗೋಡೆಯ ಬುಡದಲ್ಲಿ ಒಂದು ಸಣ್ಣ ಪೈಪು ಬಿಟ್ಟಿದ್ದಾರೆ. ಅದರಲ್ಲಿ ತೂರಿದಷ್ಟು ಲೇಔಟಿಗೆ, ಮಿಕ್ಕಿದ್ದೆಲ್ಲ ನಮ್ಮ ಮನೆಗಳಿಗೆ.

ನಾನು ಹೋದಾಗ ಮಾವ ಕರೆಪ್ಪ ಮಂಚದ ಮೇಲಿದ್ದರು. ಮಂಚದ ನಾಲ್ಕು ಕಾಲಿಗೂ ಮೂರು ಮೂರು ಇಟ್ಟಿಗೆ ಕೊಟ್ಟಿದ್ದೆವು. ಅಕ್ಕಿ ಚೀಲ, ಸ್ಟೌವು, ರೇಷನ್ ಕಾರ್ಡಿನ ಕವರು ಎಲ್ಲ ಅವರ ತೊಡೆಯ ಮೇಲೆ. ಒಲೆಯ ದಿಂಡಿನ ಮೇಲೆ ಒಂದು ನೀರು ಹಾವು ಸುತ್ತಿಕೊಂಡು ಮಲಗಿತ್ತು. ನಾನು ಪೊರಕೆ ತೆಗೆದುಕೊಂಡೆ.

"ಇರ್ಲಿ ಬುಡವ್ವ. ಅದ್ರ ಮನೇನೂ ವೋಗೈತೆ," ಅಂದರು ಮಾವ.

ಅವರ ಕಣ್ಣಿದ್ದದ್ದು ಹಿತ್ತಲ ಗೋಡೆಯ ಮೇಲೆ. ಗೋಡೆ ಬುಡದಿಂದ ಸೊಂಟದೆತ್ತರಕ್ಕೆ ಕಪ್ಪಗೆ ನೆಂದಿತ್ತು. ಹಸಿ ಇಟ್ಟಿಗೆಯ ಗೋಡೆ ಮಳೆ ಬೀಳುವಾಗ ಬೀಳುವುದಿಲ್ಲ. ನಿಂತ ನೀರು ಬುಡವನ್ನು ಕುಡಿದು ಕುಡಿದು ಮೂರನೇ ದಿನಕ್ಕೆ ಕೂರಿಸಿಬಿಡುತ್ತದೆ.

"ಇವತ್ತು ಬೈಗಾಗೋದ್ರೊಳಗೆ ನೀರು ಇಳೀದಿದ್ರೆ ಒಂದೊಂದೇ ಮನೆ ಕೂತ್ಕೋತದೆ. ಮೊದ್ಲು ಮುನಿಯಕ್ಕಂದು, ಆಮ್ಯಾಕೆ ನಮ್ದು," ಎಂದರು.

"ಕಾಲುವೆ ಬಿಡಿಸ್ತಾರಂತೆ ಮಾವ. ನಿಮ್ಮುನ್ನ ಕರ್ಕೊಂಡ್ ಬಾ ಅಂದವ್ರೆ."

"ಆವತ್ತೂ ಇಂಗೇ ಕರ್ದಿದ್ರು."

ಆವತ್ತು ಎಂದರೆ ತೊಂಬತ್ತಾರು. ನಾನು ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ಜಯದೇವಪ್ಪ ಸಾರ್ ಕಾಲೋನಿಗೆ ತಾವೇ ಬಂದರು. "ಕರೆಪ್ಪನೋರೆ" ಎಂದು ಕರೆದರು. ಪ್ಲಾಸ್ಟಿಕ್ ಕುರ್ಚಿ ತರಿಸಿ ಕೂರಿಸಿದರು. ಹಳೇ ಕಾಲುವೆ ಎಲ್ಲಿತ್ತೋ ತೋರಿಸಿ, ಸುಣ್ಣ ಹಾಕಿ ಗುರುತು ಮಾಡೋಣ, ಮುಂದೆ ಯಾರಿಗೂ ತೊಂದರೆ ಆಗಬಾರದು ಎಂದರು. ಜೀವಮಾನದಲ್ಲಿ ಮಾವನಿಗೆ ಕುರ್ಚಿ ಹಾಕಿದವರು ಅವರೊಬ್ಬರೇ. ಮೊದಲ ಮಳೆಯಾದಾಗ ನೀರಗಂಟಿ ಉಪವಾಸವಿದ್ದು ಬರಿಗಾಲಲ್ಲಿ ಕಾಲುವೆಯ ಉದ್ದಕ್ಕೂ ನಡೆದು ಬರಬೇಕು ಎಂಬ ಪದ್ಧತಿ ನಮ್ಮದು. ಮಾವ ಅವತ್ತೂ ಹಾಗೇ ನಡೆದರು, ಮುದ್ದೆ ಮುಟ್ಟದೆ, ಚಪ್ಪಲಿ ಬಿಟ್ಟು. ಹಿಂದೆ ಇಬ್ಬರು ಆಳು ಎರಡು ಮಗ್ಗುಲಿಗೂ ಸುಣ್ಣ ಸುರಿಯುತ್ತ ಬಂದರು. ಹನ್ನೆರಡು ಅಡಿ ಅಗಲ, ಕೋಡಿಯಿಂದ ಕೆಳಗಿನ ಕೆರೆಯವರೆಗೆ. ಒಂದು ಮೊಳ ಆಚೆ ಈಚೆ ಆಗಲಿಲ್ಲ.

ಕಾಲುವೆಯ ನೆಲ ಯಾರ ಪಹಣಿಯಲ್ಲೂ ಇರುವುದಿಲ್ಲ. ಕೇಳುವವರು ಯಾರೂ ಇಲ್ಲದ ನೆಲ ಎಲ್ಲೆಲ್ಲಿದೆ ಎಂದು ಮಾವ ತಮ್ಮ ಕಾಲಿನಲ್ಲೇ ಅಳೆದು ಕೊಟ್ಟಿದ್ದರು. ಮುಂದಿನ ಬೇಸಿಗೆಗೆ ಆ ಬಿಳಿ ಗೆರೆಗಳ ನಡುವೆ ಮಣ್ಣು ತುಂಬಿಸಿದರು. ಕಾಗದದಲ್ಲಿಲ್ಲದ ಹದಿನಾಲ್ಕು ಸೈಟು ಎದ್ದವು. ಮೊದಲನೆಯದರಲ್ಲಿ ಜಯದೇವಪ್ಪನವರ ಮನೆ ಎದ್ದಿತು.

"ನೀರು ಓಡಾಡೋ ಜಾಗ್ದಾಗೆ ಮನೆ ಕಟ್ತಾರೆ ಅಂತ ಯಾವನ್ ಅಂದ್ಕಂಡಿದ್ದ?" ಮಾವ ಎಂಟು ವರ್ಷದಿಂದ ಈ ಒಂದು ಮಾತನ್ನೇ ಹೇಳಿಕೊಂಡು ಬಂದಿದ್ದಾರೆ. ಯಾವನೂ ಅಂದುಕೊಳ್ಳುವುದಿಲ್ಲ. ನಮ್ಮ ಜನಕ್ಕೆ ಅದೇ ಬಂದಿರುವ ರೋಗ.

*

ಜಯದೇವಪ್ಪನವರ ಗೇಟಿನ ಮುಂದೆ ಕಾರು ಹತ್ತುವ ಇಳಿಜಾರಿನ ಮೇಲೆ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಸರ್ವೆ ಸಾಹೇಬ ಚನ್ನಬಸವಯ್ಯ. ಮಾವ ಕೆಳಗೆ ರಸ್ತೆಯ ನೀರಿನಲ್ಲಿ ನಿಂತರು. ಬಾಲ್ಕನಿಗಳಲ್ಲಿ ಲೇಔಟಿನವರು ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದರು. ನನ್ನ ಗಂಡ ಯೂನಿಫಾರ್ಮಿನಲ್ಲಿ ಗೇಟಿಗೆ ಒರಗಿದ್ದ.

"ಏನಪ್ಪಾ, ನೀನೇನಾ ನೀರಗಂಟಿ?" ಎಂದರು ಚನ್ನಬಸವಯ್ಯ.

"ಊಂ ಬುದ್ದಿ. ನಮ್ಮಪ್ಪ, ನಮ್ ತಾತ, ಎಲ್ಲಾ ಅದೇ."

"ಕೆರೇನೇ ಇಲ್ಲ, ನೀರಗಂಟಿ ಎಲ್ಲಿಂದ ಬಂದ ಮಾರಾಯ?" ಎಂದು ನಕ್ಕರು. ಬಾಲ್ಕನಿಯಲ್ಲೂ ಯಾರೋ ನಕ್ಕರು. "ಆಯ್ತು, ಕೇಳಿಸ್ಕೋ. ಹಳೇ ನಕ್ಷೆ ಹರಿದುಹೋಗಿದೆ. ಅದಕ್ಕೇ ಊರ ಹಿರಿಯನ ಹೇಳಿಕೆ ತಗೋತಾ ಇದೀವಿ. ಓದ್ತೀನಿ."

ಬರೆದುಕೊಂಡೇ ಬಂದಿದ್ದರು. ಸದರಿ ಕಾಲುವೆಯು ಈಗಿನ ಕಾಲೋನಿಯ ಜಾಗದಲ್ಲಿ ಹಾದು ಪೂರ್ವಕ್ಕೆ ತಿರುಗಿ ಮೇನ್ ರೋಡ್ ಸೇರುತ್ತಿತ್ತೆಂದೂ, ಸದರಿ ಜಾಗವನ್ನು ಹತ್ತೊಂಬತ್ತು ಗುಡಿಸಲುಗಳು ಒತ್ತುವರಿ ಮಾಡಿರುವುದರಿಂದಲೇ ಲೇಔಟಿಗೆ ನೀರು ನುಗ್ಗುತ್ತಿದೆಯೆಂದೂ, ಇದು ತನಗೆ ಖುದ್ದು ತಿಳಿದ ಸಂಗತಿಯೆಂದೂ, ಕರೆಪ್ಪ ಬಿನ್ ದೊಡ್ಡಮುನಿಯನು ಹೇಳಿರುತ್ತಾನೆ. ಮೊಸರು ತಿಂದು ಮೇಕೆ ಬಾಯಿಗೆ ಒರೆಸುವುದು ಎಂದರೆ ಇದು. ಅದೂ ಮೇಕೆಯ ಕೈಯಲ್ಲೇ ಬರೆಸಿಕೊಂಡು.

"ಹೆಬ್ಬೆಟ್ಟು ಒತ್ತು," ಎಂದರು ಸಾಹೇಬರು.

ಮಾವ ಕೇಳಿದರು, "ಬುದ್ದಿ, ಮೂಡಲಾಗೆ ದಿಣ್ಣೆ ಐತೆ. ನೀರು ದಿಣ್ಣೆ ಅತ್ತದಾ?"

ಚನ್ನಬಸವಯ್ಯ ಜಯದೇವಪ್ಪನವರ ಮುಖ ನೋಡಿದರು.

"ಕರೆಪ್ಪ, ನಿಂಗೆ ವಯಸ್ಸಾಗಿದೆ. ಎಲ್ಲಾ ಮರ್ತೋಗಿದೆ. ಸುಮ್ನೆ ಒತ್ತು, ಆನೇಕಲ್ ಕಡೆ ನಿಮ್ಗೆಲ್ಲ ಒಂದೊಂದು ಜಾಗ ಕೊಡ್ಸೋ ಜವಾಬ್ದಾರಿ ನಂದು," ಎಂದರು ಜಯದೇವಪ್ಪ.

"ಮರ್ತಿಲ್ಲ ಬುದ್ದಿ." ಮಾವನ ದನಿ ಏರಲಿಲ್ಲ. ಲೆಕ್ಕದ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸುವವರ ಹಾಗೆ ಬೆರಳು ಮಾಡಿ ತೋರಿಸುತ್ತ ಹೋದರು. "ಆ ಗೋಡೆ. ಗೋಡೆಯಿಂದ ಈಚ್ಗೆ ನಿಮ್ ತೆಂಗಿನ್ ಗಿಡ. ಆಮ್ಯಾಕೆ ನಿಮ್ ದ್ಯಾವ್ರ ಮನೆ. ಆಮ್ಯಾಕೆ ಕಾರು ನಿಲ್ಸಿದ್ದೀರಲ್ಲ, ಅದು. ಅನ್ನೆರ್ಡು ಅಡಿ. ನಾನೇ ನಡ್ದು ತೋರ್ಸಿದ್ದೆ. ಸುಣ್ಣ ತರ್ಸಿದ್ದು ನೀವೇಯ."

ದೇವರ ಮನೆಯ ಕಿಟಕಿಯಲ್ಲಿ ಉಮಾಮಹೇಶ್ವರಿ ಮೇಡಂ ಮುಖ ಕಾಣಿಸಿ ಮರೆಯಾಯಿತು.

"ಏಯ್ ಮುದಿ ಸೂಳೆಮಗನೇ!" ಜಯದೇವಪ್ಪ ಕುರ್ಚಿ ಕೆಡವಿಕೊಂಡು ಎದ್ದರು. "ನಮ್ಮ ಅನ್ನ ತಿಂದು ನಮ್ಮ ಮನೆ ಬುಡಕ್ಕೇ ಕೈ ಹಾಕ್ತೀಯೇನೋ? ನಿನ್ನ ಸೊಸೆ ಯಾರ ಮನೇಲಿ ತಿಂತಾ ಇದಾಳೆ? ನಿನ್ನ ಮಗನ ಮೈಮೇಲಿರೋ ಬಟ್ಟೆ ಯಾರದೋ?"

ಎದೆಗೆ ಕೈಕೊಟ್ಟು ನೂಕಿದರು. ಮಾವ ಬೆನ್ನು ಅಡಿಯಾಗಿ ನೀರಿಗೆ ಬಿದ್ದರು. ನಾನು ಓಡಿಹೋಗಿ ಎತ್ತಿದೆ. ಒಗೆದ ಶರ್ಟಿನ ತುಂಬ ಕೊಚ್ಚೆ. ಬಡವನ ಕೋಪ ದವಡೆಗೆ ಮೂಲ ಎಂದು ನನ್ನ ಅವ್ವ ಹೇಳಿ ಹೇಳಿ ಬೆಳೆಸಿದ್ದಳು. ನಾನು ಹಲ್ಲು ಕಚ್ಚಿಕೊಂಡೆ.

"ಪಾಪಣ್ಣ!" ಎಂದು ಕೂಗಿದರು ಜಯದೇವಪ್ಪ. "ಬಾರೋ ಇಲ್ಲಿ. ನಿಮ್ಮಪ್ಪನ ಕೈ ಹಿಡಿ. ಇಲ್ದಿದ್ರೆ ಟೋಪಿ, ಲಾಠಿ ಇಲ್ಲೇ ಇಟ್ಟು ಹೋಗು."

ನನ್ನ ಗಂಡ ಬಂದ. ನನ್ನ ಮುಖ ನೋಡಲಿಲ್ಲ. ಅಪ್ಪನ ಬಲಗೈ ಹಿಡಿದುಕೊಂಡ. "ಒತ್ತಪ್ಪ... ಕೆಲ್ಸ ವೋಯ್ತದೆ ಕಣಪ್ಪ..." ಎಂದು ಗೊಣಗಿದ. ಮಾವ ಕೈ ಬಿಗಿ ಹಿಡಿಯಬಹುದಿತ್ತು. ಬೇರೆ ಯಾವನಾದರೂ ಹಿಡಿದಿದ್ದರೆ ಹಿಡಿಯುತ್ತಿದ್ದರು. ಮಗನ ಕೈ ಎಂದು ಸಡಿಲ ಬಿಟ್ಟರು. ಸಾಹೇಬರು ಇಂಕಿನ ಪ್ಯಾಡು ಚಾಚಿದರು. ಮಗ ಅಪ್ಪನ ಹೆಬ್ಬೆರಳನ್ನು ಪ್ಯಾಡಿಗೆ ಅದ್ದಿ, ಕಾಗದದ ಮೇಲೆ ಒತ್ತಿದ.

"ಸೋಮವಾರ ಜೆಸಿಬಿ ಬರುತ್ತೆ. ಅಷ್ಟರಲ್ಲಿ ಖಾಲಿ ಮಾಡ್ಕೊಳ್ಳಿ," ಎಂದು ಚನ್ನಬಸವಯ್ಯ ಕಾಗದ ಒಣಗಲೆಂದು ಬೀಸಿಕೊಂಡರು. ಅಂದು ಶುಕ್ರವಾರ.

*

ಮಾವನ ಬೆರಳನ್ನು ಸೋಪು ಹಾಕಿ ಉಜ್ಜಿದೆ. ಇಂಕು ಹೋಗಲಿಲ್ಲ.

ಪಾಪಣ್ಣ ಊಟದ ಹೊತ್ತಿಗೆ ಬಂದು ಬಾಗಿಲ ಹೊರಗೇ ನಿಂತ.

"ನಾನೇನ್ ಮಾಡ್ಲಿ ಏಳು. ಒತ್ತಿದ್ರೂ ಒಡೀತಾರೆ, ಒತ್ತದಿದ್ರೂ ಒಡೀತಾರೆ. ಕೆಲ್ಸನಾದ್ರೂ ಉಳೀತಲ್ಲ."

"ಥೂ ನಿನ್ ಬಾಯಿಗೆ! ಯಾರೋ ಒಡ್ಯಾದು ಬ್ಯಾರೆ. ನಿಮ್ಮಪ್ಪನ ಬೆಳ್ಳಲ್ಲೇ ಒಡ್ಸಿದ್ಯಲ್ಲೋ ಬೇವರ್ಸಿ. ಆ ಟೋಪಿ ಆಕ್ಕೊಂಡು ಈ ಬಾಕ್ಲಾಗೆ ಬರ್ಬ್ಯಾಡ."

ಅವನು ಹೋದ. ಸಿಟ್ಟು ಅವನ ಮೇಲೋ, ಆ ಮನೆಯ ಮೇಲೋ, ಏಳು ವರ್ಷ ಆ ಮಾರ್ಬಲ್ಲು ಒರೆಸಿದ ನನ್ನ ಮೇಲೋ, ತಿಳಿಯಲಿಲ್ಲ. ಎಲ್ಲರ ಮೇಲೂ ಇತ್ತು.

ಮೂರು ಗಂಟೆಗೆ ಮೋಡ ಸರಿದು ಚುರುಕು ಬಿಸಿಲು ಬಂತು. ಮಾವ ಅಂದಂತೆಯೇ ಮೊದಲು ಪಕ್ಕದ ಮನೆಯ ಮುನಿಯಕ್ಕನ ಗೋಡೆ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮುದ್ದೆ ನೆಲಕ್ಕೆ ಬಿದ್ದಷ್ಟು ಸದ್ದು. ಮುನಿಯಕ್ಕ ಒಳಗೆ ಸ್ಟೌವಿನ ಬತ್ತಿ ಒಣಗಿಸುತ್ತ ಕೂತಿದ್ದಳು. ಮಣ್ಣು ಬಗೆದು ಈಚೆಗೆ ಎಳೆದಾಗ ಅವಳ ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆ ತಿರುಗಿತ್ತು. ಅರವತ್ತು ವರ್ಷದ ಹೆಂಗಸು "ಅವ್ವಾ, ಅವ್ವಾ" ಎಂದು ಎಂದೋ ಸತ್ತ ತಾಯಿಯನ್ನು ಕರೆಯುತ್ತಿದ್ದಳು. ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತುಕೊಂಡು ನೀರಿನಲ್ಲಿ ಮೇನ್ ರೋಡಿಗೆ ಹೋದರು.

ಮೋಡ ಮತ್ತೆ ಕೂಡಿಕೊಂಡಿತು. ನಾನು ಒಳಗೆ ಹೋಗಿ ಅಟ್ಟದ ಮೇಲಿದ್ದ ಹಾರೆ ಇಳಿಸಿಕೊಂಡೆ.

"ಮಾವ, ಎಲ್ಲಿ ಒಡೀಬೇಕು ತೋರ್ಸಿ."

ಮಾವ ತಲೆ ಎತ್ತಿ ನೋಡಿದರು. "ಎಂಗ್ಸು ನೀರಿಗೆ ಕೈ ಆಕಿದ್ದು ನಮ್ ವಂಸ್ದಾಗೆ ಇಲ್ಲ."

"ಗಂಡ್ಸು ಆಕಿದ್ದು ನೋಡುದ್ನಲ್ಲ ಇವತ್ತು."

ಅವರು ಮಂಚ ಇಳಿದರು. ಮೊಣಕಾಲ ನೀರಿನಲ್ಲಿ ತಡವರಿಸುತ್ತ ಗೋಡೆಯವರೆಗೆ ನಡೆದರು. ಗೋಡೆಗೆ ಕಿವಿ ಹಚ್ಚಿದರು. ನಾಲ್ಕು ಹೆಜ್ಜೆ ಸರಿದು ಮತ್ತೆ ಹಚ್ಚಿದರು. ಅಂಗೈ ಊರಿ "ಇಲ್ಲಿ" ಎಂದರು. ನಾನು ಹಾರೆ ಎತ್ತಿದೆ. ಅವರು ನನ್ನ ಕೈ ಹಿಡಿದರು.

"ಮೊದ್ಲು ಕೂಗ್ಬೇಕು."

"ಏನ್ ಮಾವ?"

"ನೀರು ಬುಡೋಕ್ ಮುಂಚೆ ನೀರಗಂಟಿ ಕಾಲುವೆ ಉದ್ದಕ್ಕೂ ಕೂಗ್ಕಂಡ್ ವೋಗ್ಬೇಕು. ಮಕ್ಳು ಮರಿ, ದನ ಕರ ಅಡ್ಡ ಇರ್ತವೆ. ಕೂಗ್ದಲೆ ಬುಟ್ರೆ ಅವ್ನು ನೀರಗಂಟಿ ಅಲ್ಲ, ಕಳ್ಳ."

"ಅಯ್ಯೋ ಮಾವ, ಅವ್ರು ನಿಮ್ಗೆ ಮಾಡಿದ್ದೇನು, ನೀವು ಏಳ್ತಿರೋದೇನು! ಕೂಗಿದ್ರೆ ಪೋಲೀಸ್ರನ್ನ ಕರೀತಾರೆ."

"ಕರ್ಕಳ್ಳಿ. ಕೂಗು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಮನಸ್ಸಿನಲ್ಲೇ ಬೈದುಕೊಂಡು ಹಾರೆಯನ್ನು ಅವರ ಕೈಗೆ ಕೊಟ್ಟು ಹೋದೆ. ಗೇಟಿನಲ್ಲಿ ಪಾಪಣ್ಣ ಇದ್ದ, ತಡೆಯಲಿಲ್ಲ. ಹಾಡಹಗಲು ನಾಲ್ಕು ಗಂಟೆಗೆ, ಹದಿನಾಲ್ಕು ಮನೆಯ ಮುಂದೆಯೂ ನಿಂತು ಗಂಟಲು ಹರಿಯುವಂತೆ ಕೂಗಿದೆ.

"ನೀರು ಬುಡ್ತಾ ಇದೀವಿ! ಮಕ್ಳು ಮರಿ ಹುಷಾರು! ಕೆಳಗಿರೋರು ಮಹಡಿ ಅತ್ಕಳಿ! ನೀರು ಬತ್ತಾ ಐತೆ!"

ಕಿಟಕಿಗಳು ತೆರೆದು ಮುಚ್ಚಿಕೊಂಡವು. ಕೆಲವರು ಮಕ್ಕಳನ್ನು ಎತ್ತಿಕೊಂಡು ಮೇಲೆ ಹೋದರು. ಉಮಾಮಹೇಶ್ವರಿ ಮೇಡಂ ಮಹಡಿಯಿಂದ ಬಗ್ಗಿದರು.

"ಏನೇ, ಕುಡ್ದಿದೀಯಾ? ಯಾವ ನೀರೇ?"

"ಕಾಲುವೆ ನೀರು ಮೇಡಂ. ಕೆಳಗಿಳೀಬ್ಯಾಡಿ. ಕರೆಂಟು ಆಫ್ ಮಾಡ್ಕಳಿ."

ನಾನು ಹಿಂತಿರುಗುವ ಹೊತ್ತಿಗೆ ಕಾಲೋನಿಯ ಹೆಂಗಸರೆಲ್ಲ ಗೋಡೆಯ ಬಳಿ ಸೇರಿದ್ದರು. ಹಾರೆ, ಗುದ್ದಲಿ, ಒನಕೆ, ಕೈಗೆ ಸಿಕ್ಕಿದ್ದು. ಸಿಮೆಂಟಿನ ಗಾರೆ ಉದುರಿಸಿ ಮೊದಲನೆಯ ಕಲ್ಲು ಅಲುಗಾಡಿಸುವುದಷ್ಟೇ ನಮ್ಮ ಕೈಯಲ್ಲಾದದ್ದು. ಮಿಕ್ಕ ಕೆಲಸ ನೀರೇ ಮಾಡಿತು. ಆರಡಿ ಅಗಲ ಗೋಡೆ ಮುಂದಕ್ಕೆ ವಾಲಿ ಮಲಗಿತು. ನೀರು ಯಾರನ್ನೂ ದಾರಿ ಕೇಳಲಿಲ್ಲ. ತೆಂಗಿನ ಗಿಡದ ಬುಡ, ದೇವರ ಮನೆಯ ಕಿಟಕಿ, ಕಾರು. ಮಾವ ಬೆರಳು ಮಾಡಿ ತೋರಿಸಿದ ಕ್ರಮದಲ್ಲೇ ಹೋಯಿತು. ಹಾಲ್‌ನ ಬಾಗಿಲಿನಿಂದ ಸೋಫಾದ ಮೆತ್ತೆಗಳು ಒಂದರ ಹಿಂದೊಂದು ಹೊರಗೆ ಬಂದವು. ಯಾವ ಮನೆಯಲ್ಲೂ ಒಂದು ಜೀವಕ್ಕೂ ಏಟಾಗಲಿಲ್ಲ.

ಐದೂವರೆಗೆ ನಮ್ಮ ಮನೆಯ ನೆಲ ಕಂಡಿತು. ಎಷ್ಟು ಸಂತೋಷವಾಯಿತೆಂದರೆ ಕೆಸರಿನಲ್ಲೇ ಕೂತು ಅತ್ತೆ.

*

ಶನಿವಾರ ಬೆಳಿಗ್ಗೆ ಎಂಟಕ್ಕೆ ಜಯದೇವಪ್ಪ ಸಾರ್ ಗೋಡೆ ಕಟ್ಟಿಸಲು ಬಂದರು. ಪೋಲೀಸರಿಗೆ ಹಿಂದಿನ ಸಂಜೆಯೇ ಫೋನು ಮಾಡಿದ್ದರಂತೆ. ಊರೆಲ್ಲ ಮುಳುಗಿದೆ, ಮಧ್ಯಾಹ್ನದ ಮೇಲೆ ಬರ್ತೀವಿ ಎಂದಿದ್ದರಂತೆ. ಅಷ್ಟು ಹೊತ್ತು ಕಾಯುವ ಹಾಗಿರಲಿಲ್ಲ. ಆಕಾಶ ಮತ್ತೆ ಕಪ್ಪಾಗಿತ್ತು, ಕೋಡಿ ಇನ್ನೂ ಹರಿಯುತ್ತಿತ್ತು. ಅವರ ಹಿಂದೆ ಗಾರೆಯ ಬಾಂಡ್ಲಿ ಹೊತ್ತ ಮುರಿಗೆವ್ವ, ಅವಳ ಗಂಡ ಮೇಸ್ತ್ರಿ ಮೌನೇಶ. ರಾಯಚೂರು ಕಡೆಯವರು, ಲೇಔಟಿನ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಅವರ ಶೆಡ್ಡಿನ ತಗಡೂ ಗಾಳಿಗೆ ಹಾರಿಹೋಗಿತ್ತು.

ಗೋಡೆ ಎದ್ದರೆ ಸಂಜೆಗೆ ನಮ್ಮ ಮನೆಯ ಗೋಡೆ ಕೂರುತ್ತದೆ. ಸೋಮವಾರ ಜೆಸಿಬಿಗೆ ಒಡೆಯಲೂ ಏನೂ ಉಳಿದಿರುವುದಿಲ್ಲ. ಯೋಚನೆ ಮಾಡುವುದೇನೂ ಇರಲಿಲ್ಲ. ಹೋಗಿ ಗೋಡೆ ಒಡೆದ ಜಾಗದ ನಡುಮಧ್ಯೆ ನೀರಿನಲ್ಲಿ ಬಲಗಾಲು ಚಾಚಿ, ಎಡಗಾಲು ಮಡಿಸಿ ಕೂತುಬಿಟ್ಟೆ. ನೀರು ತೊಡೆಯ ಎರಡು ಕಡೆಯಿಂದಲೂ ಹರಿದುಹೋಗುತ್ತಿತ್ತು, ತಣ್ಣಗಿತ್ತು.

"ಏಳೇ ಲೌಡಿ!" ಎಂದರು ಜಯದೇವಪ್ಪ.

ಏಳಲಿಲ್ಲ.

"ಪಾಪಣ್ಣ! ನಿನ್ನ ಹೆಂಡ್ತೀನ ಎಳ್ದು ಹಾಕೋ ಆಚೆಗೆ!"

ಪಾಪಣ್ಣ ನೀರಿನ ಅಂಚಿನವರೆಗೆ ಬಂದ.

"ನೆನ್ನೆ ನಮ್ಮಪ್ಪನ ಕೈ ಇಡ್ದೆ ಸಾರ್," ಎಂದ. "ಇವತ್ತು ಆಗಲ್ಲ."

"ಹೋಗ್ಲಿ ಸಾಯಿ. ಮೌನೇಶ, ನೀನು ಕಟ್ಟು. ಕಲ್ಲು ಇಡೋಕೆ ಶುರು ಮಾಡಿದ್ರೆ ತಾನೇ ಏಳ್ತಾಳೆ."

ಮೌನೇಶ ಕಲ್ಲು ಎತ್ತಿದ. ನನ್ನ ಕಾಲಿನವರೆಗೆ ತಂದ. ನನ್ನ ಮುಖ ನೋಡಿದ, ತನ್ನ ಹೆಂಡತಿಯ ಮುಖ ನೋಡಿದ, ಕಲ್ಲನ್ನು ಪಕ್ಕದ ಕೆಸರಿನಲ್ಲಿ ಇಳಿಸಿದ.

"ಅಕ್ಕಾರು ಏಳ್ಲಿ, ಆಮ್ಯಾಲೆ ಕಟ್ಟತೀನ್ರಿ ಸಾಹೇಬ್ರ. ಕುಂತ ಹೆಣ್ಮಗಳ ಕಾಲಮ್ಯಾಲ ಕಲ್ಲ ಇಟ್ರ ನನ್ನ ಕೈ ಸೇದಿ ಹೋಗ್ತಾವ."

"ಕೂಲಿ ಬೇಡ್ವೇನೋ ನಿಂಗೆ ಬೋಳಿಮಗನೇ?"

"ಬೇಕ್ರಿ," ಎಂದಳು ಮುರಿಗೆವ್ವ, ಬಾಂಡ್ಲಿ ಕೆಳಗಿಟ್ಟು. "ಇಂಥಾ ಕೂಲಿ ಒಲ್ಲೇವ್ರಿ."

ಜಯದೇವಪ್ಪ ಸುತ್ತ ನೋಡಿದರು. ಬಾಲ್ಕನಿಗಳ ತುಂಬ ಜನ. ಯಾರೂ ಕೆಳಗೆ ಬರಲಿಲ್ಲ. ಕಾಲೋನಿಯ ಕಡೆ ಹೆಂಗಸರು ನಿಂತಿದ್ದರು, ಅವರ ನಡುವೆ ಮಾವ. ಜಯದೇವಪ್ಪ ಚಪ್ಪಲಿ ಬಿಟ್ಟರು, ಪ್ಯಾಂಟು ಮಡಿಸಿದರು, ನೀರಿಗಿಳಿದರು. ಹುಟ್ಟಿದಾಗಿನಿಂದ ಗಾರೆ ಮುಟ್ಟದ ಕೈಯಿಂದ ಗಾರೆ ಬಳಿದು ಚೆಲ್ಲಿದರು. ನೀರು ಅದನ್ನು ಕೊಚ್ಚಿಕೊಂಡು ಹೋಯಿತು. ಮೌನೇಶ ಬಿಟ್ಟ ಕಲ್ಲನ್ನು ತಬ್ಬಿ ಎತ್ತಿ, ಏದುಸಿರು ಬಿಡುತ್ತ ನನ್ನ ಎದುರು ತಂದರು.

"ಕಾಲು ತೆಗಿ."

ತೆಗೆಯಲಿಲ್ಲ.

"ತೆಗಿಯೇ ಅಂದ್ರೆ!"

"ಇಡಿ ಸಾರ್."

ಇಟ್ಟರು. ಬಲಗಾಲಿನ ಪಾದದ ಮೇಲೆ ಕಲ್ಲು ಕೂತಿತು. ಒಳಗೆ ಏನೋ ಕಡಿದ ಹಾಗಾಯಿತು. ನೋವು ಸೊಂಟದವರೆಗೆ ಹತ್ತಿ ಬಂತು. ಬಾಯಿ ಬಿಡಲಿಲ್ಲ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ದಪ್ಪ ಹನಿ ಬೀಳತೊಡಗಿತು. ಅವರು ಎರಡನೆಯ ಕಲ್ಲಿಗೆ ಬಗ್ಗಿದರು. ನಾನು ಇನ್ನೊಂದು ಕಾಲನ್ನೂ ಮುಂದಕ್ಕೆ ಚಾಚಿದೆ.